ಕೀಲಿಕೈ ಯಾರ ಕೈಯಲ್ಲಿದೆ?

ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುತ್ತಿದ್ದಾಗ ಪರಿಚಯದ ನಿವೃತ್ತ ಮೇಷ್ಟರೊಬ್ಬರು ಸಿಕ್ಕರು. ‘ಏನ್ರೀ, ನಮ್ಮ ಕಂಪ್ಯೂಟರಿಗೆ ಗಾಳಿ ಹಿಡಿದಿದೆ. ಏನು ಹುಡುಕಿದರೂ ಬರೀ ಜಾಹೀರಾತು’ ಎಂದು ಅಲವತ್ತುಕೊಂಡರು. ಮನೆಗೆ ಹೋಗಿ ನೋಡಿದರೆ ಅವರ ಬ್ರೌಸರಿನಲ್ಲಿ 11 ಎಕ್ಸ್‌ಟೆನ್ಷನ್‌ಗಳು! ಮೇಷ್ಟರಿಗೆ ನೆನಪಿದ್ದದ್ದು ಎರಡು ಮಾತ್ರ.

ಎಕ್ಸ್‌ಟೆನ್ಷನ್ ಎಂದರೆ ಬ್ರೌಸರಿಗೆ ನಾವೇ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ. ಜಾಹೀರಾತು ತಡೆಯಲು, ಕಾಗುಣಿತ ನೋಡಲು, ಕನ್ನಡದಲ್ಲಿ ಟೈಪ್ ಮಾಡಲು, ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು. ಸೇರಿಸುವಾಗ ಕೆಲವು ನಿಮ್ಮ ಅನುಮತಿ ಕೇಳುತ್ತವೆ. ‘ಎಲ್ಲ ಜಾಲತಾಣಗಳ ಮಾಹಿತಿಯನ್ನೂ ಓದುತ್ತೇನೆ, ಬದಲಿಸುತ್ತೇನೆ’ ಎಂಬುದಕ್ಕೆ ಒಪ್ಪಿದಿರೋ, ನಿಮ್ಮ ಬ್ಯಾಂಕಿನ ಪುಟವೂ ಅದರ ಕಣ್ಣಿಗೆ ಬೀಳಬಹುದು. ಹೂವಿನ ಗಿಡಕ್ಕೆ ನೀರು ಹಾಕಲು ಬಂದವನಿಗೆ ಬೀರುವಿನ ಕೀಲಿಕೈಯನ್ನೂ ಕೊಟ್ಟಂತೆ!

ಇಂದು ಒಳ್ಳೆಯದಾಗಿರುವುದು ನಾಳೆಯೂ ಹಾಗೇ ಇರುತ್ತದೆಂಬ ಭರವಸೆಯಿಲ್ಲ. ‘ದಿ ಗ್ರೇಟ್ ಸಸ್ಪೆಂಡರ್’ ಎಂಬ ಜನಪ್ರಿಯ ಎಕ್ಸ್‌ಟೆನ್ಷನ್ 2020ರಲ್ಲಿ ಬೇರೆಯವರ ಕೈಗೆ ಹೋಯಿತು. ಹಾನಿಕಾರಕ ಎಂಬ ಕಾರಣಕ್ಕೆ 2021ರ ಫೆಬ್ರುವರಿಯಲ್ಲಿ ಗೂಗಲ್ ಅದನ್ನು ತೆಗೆದುಹಾಕಿತು. ಬಳಸುತ್ತಿದ್ದವರು ಲಕ್ಷಗಟ್ಟಲೆ ಮಂದಿ.

ಈಗ ನಿಮ್ಮ ಪಟ್ಟಿಯನ್ನು ನೋಡಿಕೊಳ್ಳಿ. ಕಂಪ್ಯೂಟರಿನ ಕ್ರೋಮ್‌ನಲ್ಲಿ ವಿಳಾಸ ಬರೆಯುವ ಪಟ್ಟಿಯ ಬಲಕ್ಕೆ ಪಜಲ್ ತುಂಡಿನಂಥ ಚಿತ್ರವಿದೆ. ಅದನ್ನು ಕ್ಲಿಕ್ ಮಾಡಿ ‘ಮ್ಯಾನೇಜ್ ಎಕ್ಸ್‌ಟೆನ್ಷನ್ಸ್’ ಆರಿಸಿ. ಪ್ರತಿಯೊಂದಕ್ಕೂ ಒಂದು ಸ್ವಿಚ್ ಇರುತ್ತದೆ. ಗುರುತು ಸಿಗದವನ್ನು ಆಫ್ ಮಾಡಿ. ವಾರ ಕಳೆದರೂ ಅದರ ಅಗತ್ಯ ಬೀಳದಿದ್ದರೆ ‘ರಿಮೂವ್’ ಒತ್ತಿ. ಉಳಿಸಿಕೊಂಡವುಗಳ ‘ಡೀಟೇಲ್ಸ್’ ತೆರೆದು, ಜಾಲತಾಣಗಳ ಪ್ರವೇಶದ ಆಯ್ಕೆ ಇದ್ದಲ್ಲಿ ‘ಆನ್ ಕ್ಲಿಕ್’ ಎಂದು ಬದಲಿಸಿ. ಆಗ ನೀವು ಕರೆದಾಗ ಮಾತ್ರ ಅದು ಪುಟದೊಳಗೆ ಬರುತ್ತದೆ. ಫೈರ್‌ಫಾಕ್ಸಿನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಇಂಥದೇ ಪಟ್ಟಿ ಸಿಗುತ್ತದೆ.

ಮೇಷ್ಟರ ಮನೆಯಲ್ಲಿ ಎಲ್ಲವನ್ನೂ ಆಫ್ ಮಾಡಿ, ಒಂದೊಂದನ್ನೇ ಆನ್ ಮಾಡುತ್ತ ಬಂದೆವು. ಆರನೆಯದಕ್ಕೆ ಕಳ್ಳ ಸಿಕ್ಕಿಬಿದ್ದ. ಅದು ಎಂದೋ ಪಿಡಿಎಫ್ ಮಾಡಲೆಂದು ಹಾಕಿಕೊಂಡದ್ದು. ಅದನ್ನು ಕಿತ್ತುಹಾಕಿ, ಬ್ಯಾಂಕಿನ ಪಾಸ್‌ವರ್ಡನ್ನೂ ಬದಲಾಯಿಸಿದೆವು. ಇದನ್ನು ಮಾತ್ರ ಮರೆಯಬೇಡಿ.

ಈಗ ಉಳಿದಿರುವುದು ಎರಡೇ. ಪ್ರತಿ ತಿಂಗಳೂ ಪೆನ್ಷನ್ ಬಂತೇ ಎಂದು ನೋಡುವ ಮುನ್ನ ಮೇಷ್ಟರು ಈ ಪಟ್ಟಿಯ ಹಾಜರಿ ತೆಗೆದುಕೊಳ್ಳುತ್ತಾರೆ!