ಕಾಡಿಗೆ ಭರಣಿಯನ್ನು ತೊಳೆಯಬೇಡಿ

ಮಳವಳ್ಳಿಯ ನಮ್ಮ ಹಳೆಯ ಮನೆಯ ಅಟ್ಟವನ್ನು ಬರಿದು ಮಾಡುವಾಗ ತಾಯಿಯವರ ಕಾಡಿಗೆ ಭರಣಿ ದೊರೆಯಿತು. ಹೆಬ್ಬೆರಳಿನ ಗಾತ್ರದ ನೀಲಿ ಗಾಜು, ಮೈಮೇಲೆ ಬಿಳಿಯ ಹೂಬಳ್ಳಿ. ತಳದಲ್ಲಿ ಕಪ್ಪು ಅಂಟಿಕೊಂಡಿತ್ತು. ಮಂಡ್ಯಕ್ಕೆ ತಂದು, ಸೋಪಿನ ಬಿಸಿನೀರಿನಲ್ಲಿ ನೆನೆಸಿ, ಥಳಥಳಿಸುವಂತೆ ತೊಳೆದು ಷೋಕೇಸಿನಲ್ಲಿಟ್ಟೆ. ಆ ಹೊಳಪನ್ನು ಕಂಡಾಗಲೆಲ್ಲ ಈಗ ಸಂಕಟವಾಗುತ್ತದೆ.

ಗಾಜಿನಲ್ಲಿ ಶೃಂಗಾರ ಸಾಮಗ್ರಿಯನ್ನಿಡುವ ಪದ್ಧತಿ ಬಹಳ ಪ್ರಾಚೀನವಾದುದು. ಸುಮಾರು 3,400 ವರ್ಷಗಳ ಹಿಂದೆಯೇ ಈಜಿಪ್ಟಿನವರು ಕಾಡಿಗೆಗೆಂದು ತಾಳೆಮರದ ಕಂಬದಾಕಾರದ ಗಾಜಿನ ನಳಿಗೆಗಳನ್ನು ಮಾಡುತ್ತಿದ್ದರು. ಆಗ ಗಾಜನ್ನು ಊದುವ ವಿದ್ಯೆ ಇರಲಿಲ್ಲ. ಸರಳಿನ ತುದಿಗೆ ಸಗಣಿ ಬೆರೆಸಿದ ಮಣ್ಣನ್ನು ಮೆತ್ತಿ, ಅದರ ಮೇಲೆ ಕರಗಿದ ಗಾಜನ್ನು ಹೊದಿಸಿ, ಬಣ್ಣದ ಗಾಜಿನ ಎಳೆಗಳನ್ನು ಸುತ್ತುತ್ತಿದ್ದರು. ಬಿಸಿಯಾರುವ ಮುನ್ನ ಮೊನೆಯಿಂದ ಎಳೆದರೆ ಅಲೆಯಲೆಯಾದ ಚಿತ್ತಾರ! ತಣಿದ ಮೇಲೆ ಒಳಗಿನ ಮಣ್ಣನ್ನು ಕೆರೆದು ತೆಗೆಯುವುದು. ಅಮರ್ನಾದ ಮನೆಯೊಂದರ ನೆಲದಡಿ 1921ರಲ್ಲಿ ದೊರೆತ ಮೀನಿನಾಕಾರದ ಸೀಸೆ ಹೀಗೆಯೇ ಆದದ್ದು. ಅದೀಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಚಿತ್ತಾರವಲ್ಲ, ಒಳಗಿನ ಕೊಳೆ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹದ ಈಜಿಪ್ಟಿನ ಶೃಂಗಾರ ಪಾತ್ರೆಗಳಲ್ಲಿ (ಅವು ಕಲ್ಲು, ಮರ, ಜೊಂಡಿನವು) ಉಳಿದಿದ್ದ ಪುಡಿಯನ್ನು ವಿಜ್ಞಾನಿಗಳು ಪರೀಕ್ಷಿಸಿ 1999ರಲ್ಲಿ ವರದಿ ಪ್ರಕಟಿಸಿದರು. ನಿಸರ್ಗದಲ್ಲಿ ತೀರ ವಿರಳವಾದ ಸೀಸದ ಲವಣಗಳು ಅದರಲ್ಲಿದ್ದವು. ಅಂದರೆ ಅವನ್ನು ಉದ್ದೇಶಪೂರ್ವಕವಾಗಿ ತಯಾರಿಸಿದ್ದರು. ಯಾರೋ ಪುಣ್ಯಾತ್ಮರು ಅವನ್ನು ತೊಳೆಯದೆ ಬಿಟ್ಟಿದ್ದರಿಂದ ತಾನೆ ಇದು ತಿಳಿದದ್ದು?

ನಮ್ಮ ನಾಡಿಗೂ ಗಾಜು ಹೊಸದಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ವೀಲರ್ ನಡೆಸಿದ ಉತ್ಖನನದಲ್ಲಿ ಗಾಜಿನ ಮಣಿ, ಬಳೆಗಳು ದೊರೆತಿವೆ. ಕಾಡಿಗೆ, ಕುಂಕುಮಗಳಿಗೆ ಮಾತ್ರ ನಮ್ಮ ಮನೆಗಳಲ್ಲಿ ಹಿತ್ತಾಳೆ, ಬೆಳ್ಳಿ ಅಥವಾ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಭರಣಿಗಳೇ ಹೆಚ್ಚು. ಹಾಗಾಗಿ ಗಾಜಿನದೊಂದು ಉಳಿದಿದ್ದರೆ ಅದನ್ನು ಜೋಪಾನವಾಗಿ ಕಾಯಬೇಕು. ಹಳೇ ಸೀಸೆಯವನಿಗೆ ಹಾಕುವುದು ಹೇಗೆ ತಪ್ಪೋ, ನನ್ನಂತೆ ಉಜ್ಜಿ ಅಂದಗೊಳಿಸುವುದೂ ಅಷ್ಟೇ ತಪ್ಪೆಂಬುದು ನನ್ನ ಅಭಿಪ್ರಾಯ.

ತಾಯಿಯವರು ಹರಳೆಣ್ಣೆ ದೀಪದ ಮಸಿಯನ್ನು ತುಪ್ಪದಲ್ಲಿ ಕಲಸುತ್ತಿದ್ದರೆಂದು ನಾನು, ಇಲ್ಲ, ಹರಳೆಣ್ಣೆಯಲ್ಲೇ ಎಂದು ಮದ್ದೂರಿನಲ್ಲಿರುವ ತಂಗಿ. ಹೇಳಬಲ್ಲವರು ಇಂದು ಯಾರೂ ಇಲ್ಲ. ಹೇಳಬಹುದಾಗಿದ್ದ ಕಪ್ಪನ್ನು ಬಚ್ಚಲಿಗೆ ಚೆಲ್ಲಿದವನು ನಾನೇ.

ತಂಗಿಯ ಪೆಟ್ಟಿಗೆಯಲ್ಲಿ ಅದರ ಜೊತೆಯದು ಇನ್ನೊಂದು ಭರಣಿ ಇದೆಯಂತೆ. "ಮುಚ್ಚಳವನ್ನೂ ತೆಗೆಯಬೇಡಮ್ಮಾ, ಭಾನುವಾರ ಬರುತ್ತೇನೆ" ಎಂದು ನಿನ್ನೆ ಫೋನಿನಲ್ಲಿ ಹೇಳಿದ್ದೇನೆ.