ಲಗಾಮು ಯಾರ ಕೈಯಲ್ಲಿ?

ದೊಡ್ಡ ಅಧಿಕಾರಿಯೊಬ್ಬರಿಗೆ ಹೃದಯಾಘಾತವಾಯಿತೆಂಬ ಸುದ್ದಿ ಬಂದೊಡನೆ ಜನ ತಲೆದೂಗುತ್ತಾರೆ: “ಪಾಪ, ಎಷ್ಟೊಂದು ಹೊಣೆ! ಆ ಹೊರೆಯೇ ಅವರನ್ನು ಹಣ್ಣು ಮಾಡಿತು.” ಅವರ ಕೋಣೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತ ಜವಾನನ ವಿಷಯದಲ್ಲಿ ಅದೇ ಜನದ ಮಾತೇ ಬೇರೆ: “ಅವನಿಗೇನು ಚಿಂತೆ? ಹೇಳಿದ್ದನ್ನು ಮಾಡಿದರಾಯಿತು, ರಾತ್ರಿ ಸುಖನಿದ್ರೆ.”

ಈ ನಂಬಿಕೆ ಕನ್ನಡ ನಾಡಿನದು ಮಾತ್ರವಲ್ಲ. ಇಂಗ್ಲೆಂಡಿನಲ್ಲಿಯೂ ಅದು ಬಹುಕಾಲ ಬೇರೂರಿತ್ತು. ಅದನ್ನು ಒರೆಗೆ ಹಚ್ಚಿದ್ದು ಲಂಡನ್ನಿನ ವೈಟ್‌ಹಾಲ್. ಬ್ರಿಟಿಷ್ ಸರಕಾರದ ಕಚೇರಿಗಳಿಗೆ ಹೆಸರಾದ ಬೀದಿ ಅದು. ಅಲ್ಲಿನ ಸುಮಾರು 18,000 ಗಂಡುನೌಕರರನ್ನು 1967ರಿಂದ ವೈದ್ಯರು ಪರೀಕ್ಷಿಸತೊಡಗಿ, ಅನಂತರ ವರ್ಷಗಟ್ಟಲೆ ಅವರ ಆಯುಸ್ಸಿನ ಲೆಕ್ಕವಿಟ್ಟರು. ಅವರಲ್ಲಿ ನಿರುದ್ಯೋಗಿಗಳಿರಲಿಲ್ಲ, ಹೊಟ್ಟೆಗಿಲ್ಲದವರಿರಲಿಲ್ಲ. ಗಣಿಯ ಧೂಳಿಗಾಗಲಿ ಯಂತ್ರದ ಹಲ್ಲಿಗಾಗಲಿ ಅಂಜಬೇಕಾದ ಉದ್ಯೋಗವೂ ಅದಲ್ಲ. 1948ರಿಂದಲೇ ಸರಕಾರಿ ವೈದ್ಯಸೇವೆ ಎಲ್ಲರಿಗೂ ಲಭ್ಯವಾಗಿತ್ತು.

ಆದರೂ ಹತ್ತು ವರ್ಷಗಳ ಲೆಕ್ಕ ತೆಗೆದಾಗ ಕಂಡುಬಂದುದು ವಿಸ್ಮಯಕರ. ಸಮವಯಸ್ಕರನ್ನೇ ಹೋಲಿಸಿದರೂ, ಅತ್ಯಂತ ಕೆಳದರ್ಜೆಯವರಲ್ಲಿ ಸಾವಿನ ಪ್ರಮಾಣ ಅತ್ಯುನ್ನತ ದರ್ಜೆಯವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿತ್ತು. ಹೃದ್ರೋಗದ ಕತೆಯೂ ಅದೇ. ಕೇವಲ ಜವಾನನಿಗೂ ಕಾರ್ಯದರ್ಶಿಗೂ ನಡುವಣ ಅಂತರವಲ್ಲ ಇದು. ಪ್ರತಿಯೊಂದು ಮೆಟ್ಟಿಲು ಕೆಳಗಿಳಿದಂತೆ ಅಪಾಯವೂ ಒಂದೊಂದು ಮೆಟ್ಟಿಲು ಏರುತ್ತಿತ್ತು. ಕೆಳದರ್ಜೆಯವರು ಹೆಚ್ಚು ಸಿಗರೇಟು ಸೇದುತ್ತಿದ್ದರಲ್ಲವೆ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ ಧೂಮಪಾನ, ರಕ್ತದೊತ್ತಡ, ಕೊಲೆಸ್ಟರಾಲ್ ಎಲ್ಲವನ್ನೂ ಕೂಡಿಸಿದರೂ ಈ ಅಂತರದ ಮೂರರಲ್ಲೊಂದು ಪಾಲಿಗಷ್ಟೇ ಕಾರಣ ದೊರೆಯಿತು.

ಉಳಿದ ಕಾರಣವನ್ನು ಅರಸಿ, 1985ರಲ್ಲಿ ಮೈಕೇಲ್ ಮಾರ್ಮಟ್ ಅವರ ನೇತೃತ್ವದಲ್ಲಿ ಎರಡನೆಯ ಅಧ್ಯಯನ ಮೊದಲಾಯಿತು. ಈ ಬಾರಿ ಹೆಂಗಸರೂ ಸೇರಿ 10,308 ನೌಕರರು. ಅವರ ನಾಡಿಯನ್ನಷ್ಟೇ ಅಲ್ಲ, ಕೆಲಸದ ಸ್ವರೂಪವನ್ನೂ ವಿಚಾರಿಸಲಾಯಿತು. ಕೆಲಸದ ವೇಗವನ್ನು ಗೊತ್ತುಮಾಡುವವರು ಯಾರು? ಕೆಲಸದ ರೀತಿಯಲ್ಲಿ ನಿಮ್ಮ ಮಾತು ನಡೆಯುತ್ತದೆಯೆ? 1997ರಲ್ಲಿ ಪ್ರಕಟವಾದ ಫಲಿತಾಂಶದಂತೆ, ದರ್ಜೆದರ್ಜೆಗಳ ನಡುವಣ ಹೃದ್ರೋಗದ ಅಂತರಕ್ಕೆ ಎಲ್ಲಕ್ಕಿಂತ ದೊಡ್ಡ ಪಾಲು ಸಲ್ಲಿಸಿದ್ದು, ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದಿರುವ ಸ್ಥಿತಿ.

ಅಮೆರಿಕದ ರಾಬರ್ಟ್ ಕರಾಸೆಕ್ ಈ ಸೂಕ್ಷ್ಮವನ್ನು 1979ರಲ್ಲಿಯೇ ಸೂಚಿಸಿದ್ದರು. ಹೊರೆಯೊಂದೇ ಮನುಷ್ಯನನ್ನು ಕುಗ್ಗಿಸುವುದಿಲ್ಲ. ಹೊರೆ ಹೆಚ್ಚಾಗಿ ಲಗಾಮು ಬೇರೊಬ್ಬರ ಕೈಯಲ್ಲಿದ್ದರೆ ಕುಗ್ಗಿಸುತ್ತದೆ. ಕಡಿದಾದ ದಾರಿಯಲ್ಲಿ ಹೊರಟ ಸವಾರನಿಗೂ ದಣಿವುಂಟು. ಆದರೆ ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಎಂಬುದು ಅವನ ಕೈಯಲ್ಲಿದೆ. ಗಾಣದೆತ್ತಿಗೆ ಆ ಭಾಗ್ಯವಿಲ್ಲ.

ಜರ್ಮನಿಯ ಯೋಹಾನೆಸ್ ಸೀಗ್ರಿಸ್ಟ್ 1996ರಲ್ಲಿ ಇನ್ನೊಂದು ಮುಖವನ್ನು ತೋರಿಸಿದರು. ಕೈ ಕೆಸರಾದರೆ ಬಾಯಿ ಮೊಸರೆಂಬ ಭರವಸೆಯಿಂದಲೇ ಮನುಷ್ಯ ದುಡಿಯುತ್ತಾನೆ. ಕೈ ಕೆಸರಾಗುತ್ತಲೇ ಇದ್ದು, ಸಂಬಳವಾಗಲಿ ಬಡ್ತಿಯಾಗಲಿ ಒಂದು ಮೆಚ್ಚುಮಾತಾಗಲಿ ಬಾರದಿದ್ದಲ್ಲಿ, ಆ ನಷ್ಟ ದೇಹದ ಖಾತೆಗೆ ಬೀಳುತ್ತದೆ. ಮನಸ್ಸಿನ ಖಾತೆಗೂ ಬೀಳುತ್ತದೆಂಬುದನ್ನು ವೈಟ್‌ಹಾಲಿನ 1999ರ ವರದಿ ತಿಳಿಸಿತು: ಮಿತಿಮೀರಿದ ಹೊರೆ, ಸ್ವಾತಂತ್ರ್ಯದ ಅಭಾವ, ಮೇಲಿನವರ ಆಸರೆಯಿಲ್ಲದ ಒಂಟಿತನ, ಶ್ರಮಕ್ಕೆ ತಕ್ಕ ಮನ್ನಣೆಯಿಲ್ಲದಿರುವುದು, ಇವುಗಳಿದ್ದಲ್ಲಿ ಮನೋವ್ಯಾಧಿಯೂ ಹೆಚ್ಚು.

ಇಂದು ಹಲವು ಸಂಸ್ಥೆಗಳು ನೌಕರರಿಗೆ ಧ್ಯಾನ, ಪ್ರಾಣಾಯಾಮಗಳ ಶಿಬಿರ ನಡೆಸುತ್ತವೆ. ಒಳ್ಳೆಯದೇ. ಆದರೆ ಗಾಣ ಹಾಗೆಯೇ ತಿರುಗುತ್ತಿರುವಾಗ ಎತ್ತಿಗೆ ಮಾತ್ರ ಉಸಿರಾಟ ಕಲಿಸಿದರೆ ಪ್ರಯೋಜನವೆಷ್ಟು? ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾರ್ಗದರ್ಶಿಯೂ ಕೆಲಸದ ವ್ಯವಸ್ಥೆಯನ್ನೇ ತಿದ್ದಬೇಕೆಂದೂ ಮೇಲಧಿಕಾರಿಗಳಿಗೆ ಶಿಕ್ಷಣ ಕೊಡಬೇಕೆಂದೂ ಸಲಹೆ ಮಾಡಿದೆ. ಖಿನ್ನತೆ, ಆತಂಕಗಳಿಂದ ಜಗತ್ತು ವರ್ಷಕ್ಕೆ ಕಳೆದುಕೊಳ್ಳುವ ಕೆಲಸದ ದಿನಗಳು ಸುಮಾರು 1,200 ಕೋಟಿ ಎಂಬುದು ಆ ಸಂಸ್ಥೆಯ ಅಂದಾಜು.

ಈ ಕೋಟಿಗಳ ಲೆಕ್ಕ ಮನೆಗೆ ಬರುವಾಗ ಅಂಕಿಗಳ ರೂಪದಲ್ಲಿ ಬರುವುದಿಲ್ಲ. ಸಂಜೆ ಚಪ್ಪಲಿ ಬಿಟ್ಟು ಒಳಗೆ ಬಂದವರು ಮಾತಿಲ್ಲದೆ ಗೋಡೆ ನೋಡುತ್ತ ಕೂರುತ್ತಾರೆ. ಮಗು ಪುಸ್ತಕ ತಂದರೆ ಸಿಡುಕುತ್ತಾರೆ. ಭಾನುವಾರ ಇಳಿಹೊತ್ತಿಗೇ ಸೋಮವಾರದ ನೆನಪಿನಿಂದ ಊಟ ಸೇರದಾಗುತ್ತದೆ. ಹಿಂದೆ ಮೇಲಧಿಕಾರಿಯ ಕರೆಗಂಟೆ ಕಚೇರಿಯ ಗೋಡೆಗಳೊಳಗೇ ಉಳಿಯುತ್ತಿತ್ತು. ಈಗ ಅದು ಜೇಬಿನ ಫೋನಿನಲ್ಲಿ ಕುಳಿತು ಮಲಗುವ ಕೋಣೆಗೂ ಬರುತ್ತದೆ. ಇದಕ್ಕೆ ಸೋಮಾರಿತನವೆಂದೋ ಮುಂಗೋಪವೆಂದೋ ಹೆಸರಿಡುವ ಮುನ್ನ ಮನೆಯವರು ಒಂದು ಗಳಿಗೆ ಪಕ್ಕದಲ್ಲಿ ಕುಳಿತು ವಿಚಾರಿಸುವುದು ಲೇಸು. ದುಗುಡ ವಾರಗಟ್ಟಲೆ ಇಳಿಯದಿದ್ದರೆ ವೈದ್ಯರಲ್ಲಿಗೆ ಹೋಗಲು ನಾಚಿಕೆ ಪಡಬೇಕಾಗಿಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಅಳಲನ್ನು ಹೇಳಿಕೊಳ್ಳಬಹುದು. ಬೆಂಗಳೂರಿನ ನಿಮ್ಹಾನ್ಸ್ ಆ ಸೇವೆಯ ಕೇಂದ್ರಸಂಸ್ಥೆ.

ಇನ್ನು ಮೇಜಿನ ಆಚೆಬದಿಯವರ ಪಾಲಿನ ಕರ್ತವ್ಯ. ಮೇಲಿನವರು ತಮ್ಮ ಮಾತಿಗೆ ಕಿವಿಗೊಡುತ್ತಾರೆ, ನ್ಯಾಯವಾಗಿ ನಡೆಸಿಕೊಳ್ಳುತ್ತಾರೆ ಎಂದು ನಂಬಿದ ನೌಕರರಲ್ಲಿ ಹೃದ್ರೋಗ ಕಡಮೆಯೆಂದು ವೈಟ್‌ಹಾಲಿನ ಮತ್ತೊಂದು ವರದಿ 2005ರಲ್ಲಿ ತಿಳಿಸಿತು. ಆದುದರಿಂದ, “ಈ ಕೆಲಸವನ್ನು ಹೇಗೆ ಮಾಡಿದರೆ ಒಳ್ಳೆಯದೆಂದು ನಿಮಗೆ ತೋರುತ್ತದೆ?” ಎಂದು ಅಧಿಕಾರಿಗಳು ಗುಮಾಸ್ತನನ್ನು, ಸಾಧ್ಯವಾದರೆ ಬಾಗಿಲಲ್ಲಿ ಕುಳಿತ ಜವಾನನನ್ನೂ, ನಾಳೆ ಒಮ್ಮೆ ಕೇಳಿನೋಡಲಿ, ಉತ್ತರ ಬರುವ ತನಕ ಕಾದಿರಲಿ. ಅದಕ್ಕೆ ಯಾವ ಮಂಜೂರಾತಿಯೂ ಬೇಕಾಗಿಲ್ಲ.