ಬ್ಯಾಗು ಯಾರದ್ದು, ಕೇಸು ಯಾರ ಮೇಲೆ?

ಮ್ಯೂಸಿಕ್ ಫೆಸ್ಟಿವಲ್‌ಗೆ ಹೊರಡೋ ನಮ್ಮ ಗ್ಯಾಂಗುಗಳಲ್ಲಿ ಒಂದು ಮಾತು ಖಾಯಂ: “ಏನೂ ಆಗಲ್ಲ ಮಗಾ, ನಮ್ಮ ನಾಲ್ಕು ಜನಕ್ಕಷ್ಟೇ ಅಲ್ವಾ ತರೋದು.” ದಾವಣಗೆರೆಯ ನನ್ನ ಗೆಳೆಯರ ಬಾಯಲ್ಲೂ ಕೇಳಿದ್ದೀನಿ, ಬೆಂಗಳೂರಿನ ಸಹೋದ್ಯೋಗಿಗಳ ಬಾಯಲ್ಲೂ ಕೇಳಿದ್ದೀನಿ. ಬಹಳ ಜನ ನಂಬಿರೋ ಸುಳ್ಳು ಇದು. ಇದರ ಬೆಲೆ ಕಟ್ಟೋನು ಹೇಳಿದೋನಲ್ಲ, ಹೊತ್ತೋನು.

1985ರ ಎನ್‌ಡಿಪಿಎಸ್ ಕಾಯ್ದೆಯ ಲೆಕ್ಕ ನೋಡಿ. ಎಂಡಿಎಂಎಗೆ ‘ಅಲ್ಪ ಪ್ರಮಾಣ’ ಅಂದ್ರೆ ಅರ್ಧ ಗ್ರಾಂ. ಅಷ್ಟರೊಳಗೆ ಸಿಕ್ಕರೆ ಒಂದು ವರ್ಷದವರೆಗೆ ಜೈಲು. ದಾಟಿದರೆ ಹತ್ತು ವರ್ಷದವರೆಗೆ. ಹತ್ತು ಗ್ರಾಂ ಮೀರಿದರೆ ‘ವಾಣಿಜ್ಯ ಪ್ರಮಾಣ’: ಕನಿಷ್ಠವೇ ಹತ್ತು ವರ್ಷ, ಜಾಮೀನು ಸಿಗೋದು ಮಹಾ ಕಷ್ಟ. ಮಾತ್ರೆಯಲ್ಲಿ ಬೆರೆಸಿರೋ ಪುಡಿಯೂ ತೂಕಕ್ಕೆ ಸೇರುತ್ತೆ ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಒಂದು ಮಾತ್ರೆ ಕಾಲು ಗ್ರಾಂ ಅಂತಿಟ್ಟುಕೊಳ್ಳಿ. ನಾಲ್ಕು ಜನಕ್ಕೆ ನಾಲ್ಕು ಮಾತ್ರೆ, ಒಟ್ಟು ಒಂದು ಗ್ರಾಂ. ನಾಲ್ಕೂ ಒಬ್ಬನ ಬ್ಯಾಗಲ್ಲಿ ಸಿಕ್ಕರೆ ತಲಾ ಕಾಲು ಗ್ರಾಂ ಅಂತ ಕಾಯ್ದೆ ಪಾಲು ಮಾಡಲ್ಲ. ಅವನೊಬ್ಬನೇ ಹತ್ತು ವರ್ಷದ ಸಾಲಿಗೆ ಬಂದ.

“ನನಗೆ ಗೊತ್ತೇ ಇರಲಿಲ್ಲ ಸಾರ್” ಅಂದರೆ? ನಿನ್ನ ಹತ್ತಿರ ಸಿಕ್ಕಿದ ಮೇಲೆ, ಗೊತ್ತಿರಲಿಲ್ಲ ಅಂತ ಸಾಬೀತು ಮಾಡೋ ಹೊಣೆಯೂ ನಿನ್ನದೇ. ಮೈ ಮುಟ್ಟಿ ತಪಾಸಣೆ ಮಾಡೋ ಮುಂಚೆ, ಗೆಜೆಟೆಡ್ ಅಧಿಕಾರಿ ಇಲ್ಲವೇ ಮ್ಯಾಜಿಸ್ಟ್ರೇಟ್ ಎದುರು ಮಾಡಿ ಅಂತ ಕೇಳೋ ಹಕ್ಕಿದೆ. ಆದರೆ ಆ ಹಕ್ಕು ಮೈಗೆ ಮಾತ್ರ, ಕೈಯಲ್ಲಿರೋ ಬ್ಯಾಗಿಗೆ ಅನ್ವಯಿಸಲ್ಲ ಅಂತಲೂ ಸುಪ್ರೀಂ ಕೋರ್ಟ್ ಹೇಳಿಯಾಗಿದೆ.

ಈಗ ಕೇಳಿ, ಆ ಬ್ಯಾಗು ಯಾರ ಹೆಗಲಲ್ಲಿರುತ್ತೆ? ದುಡ್ಡು ಹಾಕಿದ ಟೀಮ್ ಲೀಡ್ ಹೆಗಲಲ್ಲಿ ಅಲ್ಲ. ಹರಿಹರದಲ್ಲಿ ಜನಶತಾಬ್ದಿ ಹತ್ತಿ ಬಂದು, ಕೆಲಸಕ್ಕೆ ಸೇರಿ ಆರು ತಿಂಗಳೂ ಆಗದ ಜೂನಿಯರ್ ಹುಡುಗನ ಹೆಗಲಲ್ಲಿ. ರೆಫರಲ್ ಕೊಟ್ಟ ಅಣ್ಣ, ಪಿಜಿ ಹುಡುಕಿಕೊಟ್ಟ ಅಣ್ಣ “ಸ್ವಲ್ಪ ಇಟ್ಕೋ, ಗೇಟ್ ದಾಟಿಸು” ಅಂದಾಗ ‘ಆಗಲ್ಲಣ್ಣಾ’ ಅನ್ನೋಕೆ ಅವನಿಗೆ ಬಾಯಿ ಬರಲ್ಲ. ನಮ್ಮೂರ ಹುಡುಗರ ಮುಲಾಜನ್ನ ನಾವು ಸಾಗಾಣಿಕೆಗೆ ಬಳಸಿಕೊಳ್ತಿದ್ದೀವಿ. ಇದಕ್ಕೆ ದೋಸ್ತಿ ಅಂತ ಹೆಸರು ಬೇರೆ.

2021ರ ಅಕ್ಟೋಬರ್‌ನಲ್ಲಿ ಮುಂಬೈನ ಹಡಗಿನ ಪಾರ್ಟಿ ಮೇಲೆ ಎನ್‌ಸಿಬಿ ದಾಳಿ ಮಾಡಿತು. ಆರ್ಯನ್ ಖಾನ್ ಹತ್ತಿರ ಏನೂ ಸಿಗಲಿಲ್ಲ. ಆದರೂ ಮೂರು ವಾರಕ್ಕೂ ಹೆಚ್ಚು ಬಂಧನದಲ್ಲಿದ್ದರು. 2022ರ ಮೇನಲ್ಲಿ ಆರೋಪಪಟ್ಟಿ ಬಂದಾಗ ಅವರ ಹೆಸರೇ ಅದರಲ್ಲಿರಲಿಲ್ಲ. ದೇಶದ ಅತಿ ದುಬಾರಿ ವಕೀಲರು ನಿಂತಿದ್ದ ಕೇಸು ಅದು. ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ದುಡಿಯೋ ಹುಡುಗನಿಗೆ ಯಾರು ನಿಲ್ತಾರೆ? ಅವನ ಬ್ಯಾಗಲ್ಲಿ ಸಿಕ್ಕಿರುತ್ತೆ ಬೇರೆ. ಕೇಸು ಬಾಕಿ ಇರೋವರೆಗೆ ಪಾಸ್‌ಪೋರ್ಟ್‌ಗೂ ಕೊಕ್ಕೆ ಬೀಳಬಹುದು, ಆನ್‌ಸೈಟ್ ಕನಸಿಗೂ.

“ಶಿವರಾತ್ರಿಗೆ ಭಂಗಿ ಕುಡಿಯಲ್ವಾ?” ಅನ್ನೋ ಪಂಡಿತರಿದ್ದಾರೆ. ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂವಿನ ತುದಿ. ಬರೀ ಸೊಪ್ಪು ಆ ವ್ಯಾಖ್ಯೆಯ ಹೊರಗಿದೆ, ಭಂಗಿ ಉಳಿದಿರೋದು ಅದಕ್ಕೆ. ನಿಮ್ಮ ಪೊಟ್ಟಣದಲ್ಲಿರೋದು ಸೊಪ್ಪಲ್ಲ.

“ಹಾಗಾದ್ರೆ ನೀನು ಪೊಲೀಸರ ಪರವಾ?” ಅಲ್ಲ. ಗೆಳೆಯರ ನಡುವೆ ಹಂಚಿಕೊಳ್ಳೋದಕ್ಕೂ ಲಾಭಕ್ಕೆ ಮಾರೋದಕ್ಕೂ ಫರಕು ನೋಡದ ಕಾಯ್ದೆ ಕೆಟ್ಟ ಕಾಯ್ದೆ. ಚಿಕಿತ್ಸೆಗೆ ತಾನಾಗಿ ಮುಂದೆ ಬರೋ ವ್ಯಸನಿಗೆ, ಪ್ರಮಾಣ ಅಲ್ಪವಾಗಿದ್ದರೆ, ಅದರಲ್ಲಿ ವಿನಾಯಿತಿ ಇದೆ. ಅಷ್ಟು ಕರುಣೆ ಸಾಲದು, ಬದಲಾಗಬೇಕು ಅಂತಲೇ ನನ್ನ ವಾದ. ಆದರೆ ಅದು ಬದಲಾಗೋವರೆಗೆ ಬೇರೆಯವರ ಮಗನನ್ನ ಮುಂದೆ ಬಿಟ್ಟು ನಾವು ಕುಣಿಯೋದು ಬಂಡಾಯ ಅಲ್ಲ, ಹೇಡಿತನ.

ಕೇಸಿನ ಭಯಕ್ಕೆ ನಾವು ಮಾಡೋ ಇನ್ನೂ ದೊಡ್ಡ ಪಾಪ ಒಂದಿದೆ. ಎಂಡಿಎಂಎ ತಗೊಂಡು ಗಂಟೆಗಟ್ಟಲೆ ಕುಣಿದೋನ ಮೈ ಕಾದು ಸುಡ್ತಿದ್ದರೆ, ಮಾತು ತೊದಲ್ತಿದ್ದರೆ, “ಮಲಗ್ಲಿ, ಸರಿಹೋಗ್ತಾನೆ” ಅಂತ ಮೂಲೇಲಿ ಮಲಗಿಸೋದು. ಅವನು ಸರಿಹೋಗದೆಯೂ ಇರಬಹುದು. 108ಕ್ಕೆ ಫೋನ್ ಮಾಡಿ. ಏನು ತಗೊಂಡ, ಎಷ್ಟೊತ್ತಾಯ್ತು ಅಂತ ಡಾಕ್ಟರಿಗೆ ನಿಜ ಹೇಳಿ. ಕೇಸಿಗೆ ವಕೀಲರನ್ನ ಆಮೇಲೂ ಹುಡುಕಬಹುದು.

ಮುಂದಿನ ಫೆಸ್ಟಿವಲ್‌ಗೆ ಟಿಕೆಟ್ ಬುಕ್ ಮಾಡೋ ಸೀನಿಯರ್‌ಗಳೇ, ದೋಸೆಯಿಂದ ಹಿಡಿದು ಪೆಟ್ರೋಲ್‌ವರೆಗೆ ಎಲ್ಲದರಲ್ಲೂ ಪಾಲು ಕೇಳಿ. ಜೈಲಿನಲ್ಲಿ ಪಾಲು ತಗೊಳ್ಳೋಕೆ ತಯಾರಿಲ್ಲ ಅಂದಮೇಲೆ, ಹುಡುಗನ ಕೈಗೆ ಆ ಪೊಟ್ಟಣ ಕೊಡಬೇಡಿ. ತಮ್ಮಾ, ನೀನೂ ಕೇಳು: “ಆಗಲ್ಲಣ್ಣಾ” ಅಂದರೆ ರೆಫರಲ್ ವಾಪಸ್ ಹೋಗಲ್ಲ. ಹೋಗುತ್ತೆ ಅಂತ ಹೆದರಿಸೋನು ನಿನ್ನ ಅಣ್ಣ ಅಲ್ಲ.